ಹದಿನಾರು ಗೇಟು, ಅರ್ಧ ಇಂಚು

ಇಂದಾಪುರದ ಕಡೆಯ ಕಾಲುವೆಗೆ ಬೀಡುಕಬ್ಬಿಣದ ಹದಿನಾರು ಗೇಟು ಎರಕ ಹೊಯ್ದು ಕೊಡುವ ಕೆಲಸ ನಮ್ಮ ಕಾರಖಾನೆಗೆ ಬಂದಾಗ ನನಗೆ ಇಪ್ಪತ್ತೇಳು ವರ್ಷ. ಪುಣೆಯ ಸ್ವಾರಗೇಟ ನಾಕಾ ದಾಟಿ ಸ್ವಲ್ಪ ದೂರ ನಡೆದರೆ ಜೋಳದ ಹೊಲಗಳ ಮಗ್ಗುಲಿಗೆ ತಗಡಿನ ಸೂರಿನ ಒಂದು ಕಾರಖಾನೆ ಆಗ ಇತ್ತು. ನಾನು ಅಲ್ಲಿ ಮಾದರಿ ಮಾಡುವ ಮಿಸ್ತ್ರಿ. ಬೀಡು ಕರಗಿಸಿ ಯಾವ ವಸ್ತು ಹೊಯ್ಯಬೇಕೋ ಅದನ್ನು ಮೊದಲು ಸಾಗವಾನಿ ಕಟ್ಟಿಗೆಯಲ್ಲಿ ಮಾಡಬೇಕು. ಆ ಮಾದರಿಯನ್ನು ಮರಳಿನಲ್ಲಿ ಒತ್ತಿ ಮೇಲಕ್ಕೆತ್ತಿದರೆ ಅದರ ಆಕಾರದ ಕುಳಿ ಉಳಿಯುತ್ತದೆ. ಕರಗಿದ ಬೀಡು ಹೋಗಿ ಅದರಲ್ಲಿ ಕೂಡುತ್ತದೆ. ಕಟ್ಟಿಗೆ ತಪ್ಪಿದರೆ ಕಬ್ಬಿಣವೂ ತಪ್ಪಿದ ಹಾಗೆ. ನನ್ನ ಕೈಯಿಂದ ಹೋದ ಮಾದರಿ ಒಂದೂ ಅಲ್ಲಿಯವರೆಗೆ ತಿರುಗಿ ಬಂದಿರಲಿಲ್ಲ. ಇದನ್ನು ಜಂಬದಿಂದ ಹೇಳುತ್ತಿದ್ದೇನೆ ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ.

ನಾನು ಐದನೇ ಇಯತ್ತೆಗೆ ಸಾಲಿ ಬಿಟ್ಟವನು. ಆದರೂ ಕಾಲೇಜಿನಲ್ಲಿ ಏಳು ವರ್ಷ ಇದ್ದೆ. ಕ್ಲಾಸಿನಲ್ಲಲ್ಲ, ವರ್ಕಶಾಪಿನಲ್ಲಿ. ನಮ್ಮ ಸೋದರಮಾವ ಅಲ್ಲಿ ಬಡಿಗ, ಅವನ ಕೈಕೆಳಗೆ ನಾನು. ಎಂಜಿನಿಯರ್ ಆಗಲು ಬಂದ ಹುಡುಗರು ವಾರಕ್ಕೆ ಎರಡು ದಿನ ನಮ್ಮಲ್ಲಿಗೆ ಬಂದು ಉಳಿ, ಕಟ್ಟಿಗೆ ಹೆರೆಯುವ ರಂದ, ಅರ ಹಿಡಿಯಬೇಕಿತ್ತು. ಅವರಲ್ಲಿ ಧಾರವಾಡದ ಕಡೆಯವರೊಬ್ಬರಿದ್ದರು. ಗಣಿತದಲ್ಲಿ ಬುದ್ಧಿ ಚುರುಕು, ಕೈ ಮಾತ್ರ ಬೆಣ್ಣೆ. ಸುತ್ತಲೂ ಮರಾಠಿ ಕೇಳಿ ಕೇಳಿ ಬೇಸತ್ತು ಕನ್ನಡ ಮಾತಾಡಲಿಕ್ಕೆಂದೇ ನನ್ನ ಬೆಂಚಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಪರೀಕ್ಷೆಗೆ ಅವರೊಂದು ಬಾಗಿದ ಕೊಳವೆಯ ಮಾದರಿ ಮಾಡಿ ತೋರಿಸಬೇಕಾಗಿತ್ತು. ಮೂರು ಸಲ ಕಟ್ಟಿಗೆ ಹಾಳು ಮಾಡಿ, ಬೊಬ್ಬೆ ಎದ್ದ ಅಂಗೈ ತೋರಿಸಿ, "ನನ್ನ ಕೈಲೆ ಆಗೂದಲ್ಲಪಾ ಇದು. ಇದರಾಗ ನಪಾಸಾದರ ವರ್ಷ ಹೋತು" ಅಂದರು.

ನಾನು ಮಾಡಿಕೊಟ್ಟೆ. ನಾಲ್ಕು ಮಧ್ಯಾಹ್ನ, ಊಟದ ಬಿಡುವಿನಲ್ಲಿ. ಪರೀಕ್ಷೆಗೆ ಬಂದ ಪ್ರೊಫೆಸರರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಎಲ್ಲರಿಗಿಂತ ಹೆಚ್ಚು ಮಾರ್ಕು ಕೊಟ್ಟರು. ಆ ಹೊತ್ತು ನನಗೆ ಅಂಜಿಕೆ ಆಗಬೇಕಿತ್ತು. ಆದದ್ದು ಹೆಮ್ಮೆ. ಐದನೇ ಇಯತ್ತೆಯವನಿಗೆ ಕಾಲೇಜಿನಲ್ಲಿ ಮೊದಲ ನಂಬರು ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಅವರು ಮರೆಯಲಿಲ್ಲ. ನಾಲ್ಕು ವರ್ಷದ ಮೇಲೆ ಈ ಕಾರಖಾನೆಗೆ ಎಂಜಿನಿಯರ್ ಆಗಿ ಬಂದವರೇ ನನಗೆ ಹೇಳಿಕಳಿಸಿದರು. ಒಂದೇ ದಿನದಲ್ಲಿ ನಾನು ಕಾಲೇಜಿನ ಕೈಯಾಳಿನಿಂದ ಕಾರಖಾನೆಯ ಮುಖ್ಯ ಮಿಸ್ತ್ರಿಯಾದೆ. ನನಗಿಂತ ಹತ್ತು ವರ್ಷ ಹಿರಿಯ ಬಡಿಗನೊಬ್ಬ ನನ್ನ ಕೈಕೆಳಗೆ ಬಂದ. ಮರಳಿನ ಕೆಲಸದ ಮುಖ್ಯಸ್ಥ, ಐವತ್ತು ದಾಟಿದ ಮರಾಠಾ ಕಾಕಾ, ಮೊದಲ ದಿನವೇ ನನಗೊಂದು ಹೆಸರಿಟ್ಟ: "ಬಿ.ಇ. ಮಿಸ್ತ್ರಿ". ಕಾಲೇಜಿನ ಬಾಗಿಲಿಂದ ಒಳಗೆ ಬಂದವನು ಎಂದು ಅದರ ಅರ್ಥ. ಅದು ನನ್ನನ್ನು ಚುಚ್ಚುತ್ತಿತ್ತು. ಅದಕ್ಕೇ ಎರಡು ವರ್ಷ ಎತ್ತಿನ ಹಾಗೆ ದುಡಿದೆ.

ಗೇಟಿನ ಕೆಲಸ ಬಂದದ್ದೂ ಅದೇ ಬಾಗಿಲಿಂದ. ಕಾಲುವೆಯ ಕಚೇರಿಯಲ್ಲಿ ನಮ್ಮ ಎಂಜಿನಿಯರ್ ಸಾಹೇಬರ ಹಾಸ್ಟೆಲಿನ ಗೆಳೆಯರೊಬ್ಬರಿದ್ದರು. ದುರಸ್ತಿಗೆಂದು ಕಾಲುವೆಯ ನೀರು ಮೂರು ವಾರ ನಿಲ್ಲಿಸುತ್ತಾರೆ, ಅಷ್ಟರಲ್ಲಿ ಹಳೆಯ ತೂಬುಗಳ ಸವೆದ ಗೇಟು ತೆಗೆದು ಹೊಸವನ್ನು ಕೂಡಿಸಬೇಕು. ಚೌಕಟ್ಟು ಹಳೆಯವೇ, ಕಲ್ಲಿನ ಗೋಡೆಯಲ್ಲಿ ಕೂತವು. ಅವುಗಳ ಗಾಡಿಯಲ್ಲಿ, ಅಂದರೆ ಎರಡೂ ಮಗ್ಗುಲಿನ ಸೀಳಿನಲ್ಲಿ, ನಮ್ಮ ಗೇಟು ಬಿಗಿಯಾಗಿ ಇಳಿಯಬೇಕು. ಅಗಲ ಸರಿಯಾಗಿ ಎರಡು ಅಡಿ.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಕರಗಿದ ಬೀಡು ಆರುವಾಗ ಅಡಿಗೆ ಇಂಚಿನ ಎಂಟನೇ ಒಂದು ಪಾಲು ಕುಗ್ಗುತ್ತದೆ. ಅದಕ್ಕೆ ಮಾದರಿ ಮಾಡುವವನ ಫೂಟಪಟ್ಟಿಯೇ ಬೇರೆ; ಅದರ ಒಂದು ಅಡಿ ಪೇಟೆಯ ಅಡಿಗಿಂತ ಅಷ್ಟು ಉದ್ದ. ನೋಡಲಿಕ್ಕೆ ಎರಡೂ ಒಂದೇ ಥರ, ಅದೇ ಗೆರೆ, ಅದೇ ಅಂಕಿ. ಅಲ್ಲದೆ, ಎರಕವಾದ ಮೇಲೆ ಯಂತ್ರದಲ್ಲಿ ಹೆರೆದು ನಯ ಮಾಡುವ ಅಂಚುಗಳಿಗೆ ಮತ್ತೆ ಸ್ವಲ್ಪ ಹೆಚ್ಚು ಬಿಡಬೇಕು. ಎರಡು ಅಡಿಯ ಗೇಟಿಗೆ ಕುಗ್ಗುವುದಕ್ಕೆ ಕಾಲು ಇಂಚು, ಹೆರೆಯುವುದಕ್ಕೆ ಕಾಲು ಇಂಚು. ಹಾಗಾಗಿ ನನ್ನ ಮಾದರಿ ಎರಡು ಅಡಿ ಅರ್ಧ ಇಂಚು ಇತ್ತು. ಅರಗಿನ ಬಣ್ಣ ಬಳಿದು, ಒಣಗಿಸಿ, ಕಾಕಾನ ಕೈಗೆ ಕೊಟ್ಟೆ. ಅದೇ ಸಂಜೆ, ಕೆಲಸ ಬಿಟ್ಟು ಊರಿಗೆ ಹೋಗಿದ್ದ ಸೋದರಮಾವ ತೀರಿಕೊಂಡ ತಂತಿ ಬಂತು. ಬಾಗಲಕೋಟೆಯ ಕಡೆಗೆ ಹೋಗಿ, ಮಣ್ಣು ಮಾಡುವ ಹೊತ್ತಿಗೆ ಮುಟ್ಟಲಾಗದೆ, ದಿನದ ಕಾರ್ಯ ಮುಗಿಸಿಕೊಂಡು ಹನ್ನೊಂದನೇ ದಿನಕ್ಕೆ ಪುಣೆಗೆ ತಿರುಗಿ ಬಂದೆ.

ಬಂದವನಿಗೆ ಅಂಗಳದಲ್ಲಿ ಒಂಬತ್ತು ಗೇಟು ಸಾಲಾಗಿ ಗೋಡೆಗೆ ಆನಿಸಿಟ್ಟದ್ದು ಕಾಣಿಸಿತು. ಎರಡಕ್ಕೆ ಅಂಚು ಹೆರೆದಾಗಿತ್ತು. ದೂರದಿಂದ ನೋಡಿಯೇ ಅವು ಸಣ್ಣವು ಅನಿಸಿತು. ಕಣ್ಣಿಗೆ ಅಳತೆ ಹತ್ತಿದವನಿಗೆ ಅರ್ಧ ಇಂಚು ಎಂದರೆ ಸಣ್ಣದಲ್ಲ. ಹೆರೆದದ್ದಕ್ಕೆ ಪೇಟೆಯ ಪಟ್ಟಿ ಹಚ್ಚಿದೆ. ಇಪ್ಪತ್ಮೂರೂವರೆ ಇಂಚು. ಓಡಿಹೋಗಿ ಮಾದರಿ ತೆಗೆದು ನೋಡಿದರೆ ಅಂಚಿನ ಮೇಲೆ ಹೊಸ ರಂದದ ಗೆರೆ, ಅದರ ಮೇಲೆ ಹಸಿ ಅರಗು.

"ಯಾರು ಇದಕ್ಕ ರಂದಾ ಹೊಡದವರು?" ಎಂದು ಮರಾಠಿಯಲ್ಲಿ ಚೀರಿದೆ.

ನನ್ನ ಕೈಕೆಳಗಿನ ಬಡಿಗ ಬೀಡಿ ಆರಿಸಿ ಎದ್ದ. "ನಾನು. ಸಾಹೇಬರು ಹೊಡಿ ಅಂದ್ರು, ಹೊಡದೆ."

"ನಿನಗ ಗೊತ್ತಿರಲಿಲ್ಲ?"

"ಗೊತ್ತಿತ್ತು. ಆದರ ನೀವು ಕಾಲೇಜಿನವರು, ಅವರು ಕಾಲೇಜಿನವರು. ನಡುವ ನಾ ಯಾಕ ಬಾಯಿ ಹಾಕಲಿ?"

ಸಾಹೇಬರ ಕೋಣೆಗೆ ಹೋದೆ. ಅವರು ಬಾಗಿಲು ಮುಂದು ಮಾಡಿ, ಕನ್ನಡದಲ್ಲಿ, ದನಿ ತಗ್ಗಿಸಿ ಅಂದರು: "ಬಂದೀ? ಮಾವನ ಕಾರ್ಯ ಎಲ್ಲಾ ಸುಸೂತ್ರ ಆತು? ಕೂಡು. ಒಂದು ಮಾತು ಹೇಳತೇನಿ, ಮನಸಿಗೆ ಹಚ್ಚಿಕೋಬ್ಯಾಡ. ನಿನ್ನ ಮಾದರಿ ಅರ್ಧ ಇಂಚು ದೊಡ್ಡದಿತ್ತು. ನಾನು ಅಳದು ನೋಡಿದೆ. ಮಾಲಕರಿಗೆ ತಿಳಿಯೂದರೊಳಗ ಸಣ್ಣದು ಮಾಡಿಸಿಬಿಟ್ಟೆ. ಯಾರ ಮುಂದೂ ಅಂದಿಲ್ಲ."

ಅವರು ಮೋಸಗಾರರಾಗಿದ್ದರೆ ನನಗೆ ಜಗಳಾಡುವುದು ಸುಲಭವಿತ್ತು. ಮನುಷ್ಯ ನನ್ನ ಮಾನ ಕಾಯಲಿಕ್ಕೆ ಹೋಗಿದ್ದರು.

"ಸಾಹೇಬ್ರ, ಯಾವ ಫೂಟಪಟ್ಟಿಲೆ ಅಳದ್ರಿ?"

ಮೇಜಿನ ಮೇಲಿನದನ್ನು ತೋರಿಸಿದರು. ಪೇಟೆಯ ಪಟ್ಟಿ. ನಾನು ಬಗಲಿನಲ್ಲಿದ್ದ ನನ್ನ ಪಟ್ಟಿಯನ್ನು ಅದರ ಮಗ್ಗುಲಿಗೆ ಇಟ್ಟೆ. ಈ ಕಡೆ ತುದಿ ಕೂಡಿಸಿದರೆ ಆ ಕಡೆ ತುದಿ ಕೂಡಲಿಲ್ಲ. ಉಳಿದ ಕಾಲು ಇಂಚು ಹೆರೆಯಲಿಕ್ಕೆ ಬಿಟ್ಟದ್ದು ಅಂದೆ. ಅವರು ಅದನ್ನೇ ನೋಡುತ್ತ ಕೂತರು.

"ಇದು ಮೊದಲನೇ ವರ್ಷದ ಪಾಠ ಅಲ್ಲೇನೋ?" ಎಂದು ತಮಗೆ ತಾವೇ ಅಂದುಕೊಂಡ ಹಾಗೆ ಅಂದರು.

"ಹೌದ್ರಿ. ಮಾದರಿ ಮಾಡೋ ಪಾಠ."

ಆ ಪಾಠದ ನಾಲ್ಕು ಮಧ್ಯಾಹ್ನ ಅವರು ಹಾಸ್ಟೆಲಿನಲ್ಲಿ ಗಣಿತ ಬಿಡಿಸುತ್ತ ಕೂತಿದ್ದರು. ಅವರ ಬದಲು ಕಲಿತವನು ನಾನು.

ಮರುದಿನ ಕಾಲುವೆಯ ಕಚೇರಿಯ ಗೆಳೆಯರು ಮೋಟಾರಿನಲ್ಲಿ ಬಂದರು. ಗೇಟುಗಳ ಸುತ್ತ ಒಂದು ಸುತ್ತು ಹಾಕಿ ನಕ್ಕರು. ಇದೇನು ದೊಡ್ಡ ಮಾತು, ಎರಡೂ ಅಂಚಿಗೆ ಕಾಲು ಕಾಲು ಇಂಚಿನ ತಗಡಿನ ಪಟ್ಟಿ ರಿವೆಟ್ ಹೊಡೆಯಿರಿ, ಪಾಸು ಮಾಡುವವನು ನಾನೇ ಇದ್ದೇನೆ ಅಂದರು. ಒಂದು ಕಾಗದ ಮಾತ್ರ ಬೇಕು, ಕಡತದಲ್ಲಿ ಹಾಕಲಿಕ್ಕೆ: ಅಳತೆ ಯಾಕೆ ತಪ್ಪಿತು ಎಂದು. ಅದರಲ್ಲಿ ಎಂಜಿನಿಯರನ ಹೆಸರು ಬರುವ ಕಾರಣವಿಲ್ಲ. ಮಿಸ್ತ್ರಿಯ ಕೈತಪ್ಪು ಎಂದು ಬರೆದರೆ ಮುಗಿಯಿತು.

ಸಾಹೇಬರು ಕಾಗದ ಬರೆದು ನನ್ನ ಮುಂದಿಟ್ಟರು. ಮರಾಠಿಯಲ್ಲಿತ್ತು. ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. "ಮಾದರಿ ಮಾಡುವಾಗ ನನ್ನಿಂದ ಅಳತೆಯಲ್ಲಿ ತಪ್ಪಾಗಿದೆ." ಕೆಳಗೆ ನನ್ನ ಹೆಸರು ಬರೆದು ಸಹಿಗೆ ಜಾಗ ಬಿಟ್ಟಿದ್ದರು.

"ಕೆಲಸಕ್ಕ ಏನೂ ಧಕ್ಕಿ ಇಲ್ಲ. ನಾ ಇರೂತನಕಾ ನಿನ್ನನ್ನ ಯಾರೂ ಮುಟ್ಟೂದಿಲ್ಲ" ಅಂದರು. ಆ ದನಿ ನನಗೆ ಪರಿಚಯದ್ದು. ಬೊಬ್ಬೆಯ ಅಂಗೈ ತೋರಿಸಿದಾಗಲೂ ಅದೇ ದನಿ ಇತ್ತು.

ನಾನು ಕಾಗದವನ್ನು ಮೆಲ್ಲಗೆ ಅವರ ಕಡೆಗೆ ಸರಿಸಿದೆ. "ಇದಕ್ಕ ನಾ ಸಹಿ ಮಾಡೂದಿಲ್ರಿ. ಬೇರೆ ಏನರ ಕೇಳ್ರಿ, ಇಲ್ಲ ಅನ್ನೂದಿಲ್ಲ. ನನಗ ಡಿಗ್ರಿ ಇಲ್ಲ, ಇರೂದು ಇದೊಂದು ಹೆಸರು. ಇನ್ನೊಂದು ಕೇಳ್ರಿ, ಬೀಡಿಗೆ ತೂತು ಕೊರದು ಪಟ್ಟಿ ಹೊಡದರ ನೀರಾಗ ಒಂದು ವರ್ಷದಾಗ ತುಕ್ಕು ತಿಂದು ಬಿಡತೈತಿ. ಕಿತ್ತ ಪಟ್ಟಿ ಗಾಡಿಯೊಳಗ ಸಿಕ್ಕಿದರ ಗೇಟು ಮ್ಯಾಲ ಏಳೂದಿಲ್ಲ, ಕೆಳಗ ಇಳಿಯೂದಿಲ್ಲ."

"ಹಂಗಾರ ಏನ್ ಮಾಡೂದು? ನೀರು ಬಿಡಲಿಕ್ಕೆ ಇನ್ನ ಹನ್ನೆರಡ ದಿವಸ ಅದ."

"ಈ ಒಂಬತ್ತೂ ಒಡದು ಭಟ್ಟಿಗೆ ಹಾಕೂದು. ಹದಿನಾರೂ ಹೊಸಾದು ಹೊಯ್ಯೂದು. ಎರಡು ದಿನದಾಗ ಮಾದರಿ ಕೊಡತೇನಿ."

ಗೆಳೆಯರು ಇಂಗ್ಲಿಷಿನಲ್ಲಿ ಅವರಿಗೆ ಏನೋ ಅಂದು ನಕ್ಕರು. ಸಾಹೇಬರು ನಗಲಿಲ್ಲ. ಆ ಕಾಗದವನ್ನು ಎರಡು ತುಂಡು ಮಾಡಿ, "ಕಾಕಾ ಒಪ್ಪಿದರ ಮಾಡು" ಅಂದರು.

ಹಳೆಯ ಮಾದರಿಗೆ ಪಟ್ಟಿ ಅಂಟಿಸಬಹುದಿತ್ತು. ಆದರೆ ಹಸಿ ಮರಳಿನಲ್ಲಿ ಹದಿನಾರು ಸಲ ಒತ್ತಿದರೆ ಅಂಟು ಬಿಡುತ್ತದೆ. ಹೊಸ ಸಾಗವಾನಿ ಹಲಗೆ ತೆಗೆದೆ. ಕಷ್ಟ ಕಟ್ಟಿಗೆಯದ್ದಾಗಿರಲಿಲ್ಲ, ಕಾಕಾನದಾಗಿತ್ತು. ಭಟ್ಟಿ ಹಚ್ಚುವುದು ವಾರಕ್ಕೆ ಎರಡೇ ಸಲ. ಉಳಿದ ದಿನಗಳಲ್ಲಿ ನಮಗೆ ಸಿಗುವುದು ಎರಡೇ ಸಲದ ಭಟ್ಟಿ. ಪ್ರತಿ ಭಟ್ಟಿಗೆ ಎಂಟು ಮರಳಿನ ಪೆಟ್ಟಿಗೆ ತಯಾರಿರಬೇಕು. ಅವನ ಜನ ಮಾಡುತ್ತಿದ್ದದ್ದು ನಾಲ್ಕೋ ಐದೋ.

ಕಾಕಾ ಮರಳಿನ ಗುಡ್ಡೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ. "ಬರ್ರಿ ಬರ್ರಿ, ಬಿ.ಇ. ಮಿಸ್ತ್ರಿ. ಬಡವರ ಕಡೆ ಬಂದ್ರಿ?"

ಹೇಳಬೇಕಾದದ್ದನ್ನು ನಿಂತೇ ಹೇಳಿದೆ.

"ಯಾರ ತಪ್ಪು?" ಅಂದ.

"ನನ್ನದಲ್ಲ ಕಾಕಾ."

"ನಿಂದಲ್ಲ ಅಂತ ನನಗ ಗೊತ್ತೈತಿ. ಮೂವತ್ತು ವರ್ಷ ಮರಳು ತಿಂದೀನಿ. ಯಾರದು ಅಂತ ಕೇಳಿದೆ."

"ಅದನ್ನ ಅವರ ಬಾಯಿಂದನ ಕೇಳ್ರಿ."

"ಗೊತ್ತಿದ್ದೂ ನೀವು ಯಾಕ ಒಂಬತ್ತು ಹೊಯ್ದ್ರಿ?" ಎಂದು ನಾನು ಕೇಳಲಿಲ್ಲ. ಆದರೆ ಅವನಿಗೆ ಕೇಳಿಸಿತೋ ಏನೋ. "ಕೊಟ್ಟದ್ದನ್ನ ಒತ್ತೂದು ನನ್ನ ಕೆಲಸ" ಅಂದ. ತಂಬಾಕು ಬಾಯಿಗೆ ಹಾಕಿಕೊಂಡು ನನ್ನ ಇಸ್ತ್ರಿಯ ಅಂಗಿಯನ್ನು ಮೇಲೆ ಕೆಳಗೆ ನೋಡಿದ. "ಎಂಟು ಪೆಟಿಗಿ ಆಗತಾವ. ಆದರ ನನಗ ಒಬ್ಬ ಆಳು ಹೆಚ್ಚಿಗಿ ಬೇಕು. ಅಂಗಿ ಬಿಚ್ಚಿ ಮರಳಿಗೆ ಇಳಿತೀಯೇನು?"

ಎಲ್ಲರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ನಾನು ಅಂಗಿ ಬಿಚ್ಚಿ ಮೊಳೆಗೆ ಹಾಕಿದೆ.

ಮಾದರಿ ಮುಗಿದ ಮೇಲೆ ಆರು ದಿನ ನಾನು ಕಾಕಾನ ಆಳು. ಕರಿ ಮರಳನ್ನು ಜರಡಿ ಹಿಡಿಯುವುದು, ಹದಕ್ಕೆ ನೀರು ಚಿಮುಕಿಸುವುದು, ಪೆಟ್ಟಿಗೆಯಲ್ಲಿ ಮಾದರಿ ಇಟ್ಟು ಮರಳು ಸುರಿದು ದಿಮ್ಮಸು ಹಾಕುವುದು. ಸಡಿಲಾದರೆ ಬೀಡಿನ ಭಾರಕ್ಕೆ ಕುಳಿ ಉಬ್ಬುತ್ತದೆ; ಗಟ್ಟಿಯಾದರೆ ಒಳಗಿನ ಹಬೆ ಹೊರಡದೆ ಎರಕದಲ್ಲಿ ಗುಳ್ಳೆ ಕೂಡುತ್ತದೆ. ಎರಡರ ನಡುವಿನ ಹದ ಹೇಳಿಕೊಡುವಂಥದ್ದಲ್ಲ. ನಾನು ಒತ್ತಿದ ಮೊದಲ ಎರಡು ಪೆಟ್ಟಿಗೆಯನ್ನು ಕಾಕಾ ಕಾಲಿನಿಂದ ಒದ್ದು ಕೆಡವಿದ. "ಕಟಗಿ ಅಲ್ಲ ಇದು, ಸಿಟ್ಟಿಲೆ ಬಡೀಬ್ಯಾಡ" ಅಂದ. ಮೂರನೆಯದನ್ನು ಬೆರಳಿನಿಂದ ಒತ್ತಿ ನೋಡಿ ಸುಮ್ಮನೆ ಮುಂದೆ ಹೋದ.

ಮೊದಲ ಭಟ್ಟಿಯಲ್ಲಿ ಏಳು ಸರಿಯಾದವು, ಒಂದು ಮೂಲೆ ತುಂಬದೆ ಉಳಿಯಿತು. ಎರಡನೆಯದರಲ್ಲಿ ಒಂಬತ್ತು ಪೆಟ್ಟಿಗೆ ಇಟ್ಟೆವು. ಒಂಬತ್ತೂ ಬಂದವು. ಹೆರೆದು ಪಟ್ಟಿ ಹಚ್ಚಿದರೆ ಎರಡು ಅಡಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

ಲಾರಿಯಲ್ಲಿ ಗೇಟು ಹಾಕಿಕೊಂಡು ಸೊಲ್ಲಾಪುರ ರಸ್ತೆ ಹಿಡಿದು ಹೋದೆವು. ಮೊದಲ ತೂಬಿನಲ್ಲಿ ಗೇಟು ಮುಕ್ಕಾಲು ಇಳಿದು ನಿಂತುಬಿಟ್ಟಿತು. ಕಾಲುವೆಯ ಗೆಳೆಯರು ಕೈ ಕಟ್ಟಿಕೊಂಡು ನಿಂತಿದ್ದರು, ಸಾಹೇಬರು ನನ್ನ ಮುಖ ನೋಡಿದರು. ನಾನು ಕೆಸರಿಗೆ ಇಳಿದು ಗಾಡಿಯಲ್ಲಿ ಬೆರಳಾಡಿಸಿದೆ. ಹಳೆಯ ಸುಣ್ಣದ ಗಾರೆ ಗಂಟಾಗಿ ಕೂತಿತ್ತು. ಉಳಿಯಿಂದ ಕೆತ್ತಿ ತೆಗೆದ ಕೂಡಲೇ ಗೇಟು ತನ್ನ ಭಾರಕ್ಕೆ ತಾನೇ ಇಳಿದು ತಳದ ಕಲ್ಲಿಗೆ ಕೂತಿತು. ಉಳಿದ ಹದಿನೈದಕ್ಕೆ ಎರಡು ದಿನ ಹಿಡಿಯಿತು. ಮೂರನೇ ಬೆಳಿಗ್ಗೆ ನೀರು ಬಿಟ್ಟರು.

ಇಲ್ಲಿಗೆ ನಿಲ್ಲಿಸಿದರೆ ಇದು ನನ್ನ ಶೂರತನದ ಕಥೆ ಆಗುತ್ತದೆ. ಹಲವು ವರ್ಷ ನಾನು ಇಲ್ಲಿಗೇ ನಿಲ್ಲಿಸುತ್ತಿದ್ದೆ.

ಮುಂಬಯಿಗೆ ಹೋಗಿದ್ದ ಮಾಲಕರು ತಿರುಗಿ ಬಂದರು. ಒಂಬತ್ತು ಗೇಟು ಒಡೆದ ಸುದ್ದಿ ಅವರಿಗೆ ಮುಟ್ಟಿತ್ತು. ಭಟ್ಟಿಯ ಮುಂದೆ ಎಲ್ಲರನ್ನೂ ಕರೆಸಿ, ಪಗಡಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು, "ತಪ್ಪು ಯಾರದು? ಕೂಗಾಡೂದಿಲ್ಲ, ತಿಳೀಬೇಕು ಅಷ್ಟ" ಅಂದರು.

ಯಾರೂ ಬಾಯಿ ತೆರೆಯುವ ಮೊದಲೇ ಸಾಹೇಬರು ಮುಂದೆ ಬಂದರು. "ನನ್ನದು. ಮಾದರಿ ಸರಿ ಇತ್ತು. ನಾನು ಪೇಟೆಯ ಪಟ್ಟಿಯಿಂದ ಅಳೆದು ಕೆಡಿಸಿದೆ. ಮಿಸ್ತ್ರಿಯದೇನೂ ತಪ್ಪಿಲ್ಲ."

ಕಾಕಾ ತಡೆಯಲಾರದೆ ಕಿಸಕ್ಕನೆ ನಕ್ಕ. ಅವನ ಹಿಂದೆ ಇನ್ನೂ ನಾಲ್ಕು ಜನ. ಸಾಹೇಬರ ಕಿವಿ ಕೆಂಪಾದವು.

ಮಾಲಕರು ನಗಲಿಲ್ಲ. "ಕಾಲೇಜಿನಾಗ ಇದನ್ನ ಕಲಸೂದಿಲ್ಲೇನು?"

"ಕಲಿಸಿದ್ದರು. ನಾನು ಕಲಿಯಲಿಲ್ಲ."

"ಕಲೀದ ಪಾಸ್ ಹೆಂಗ ಆದ್ರಿ?"

ಸಾಹೇಬರು ನನ್ನ ಕಡೆ ತಪ್ಪಿಯೂ ನೋಡದೆ ನಿಂತರು. ಮಾಲಕರ ಕಣ್ಣು ತಿರುಗಿ ನನ್ನ ಮೇಲೆ ಬಂತು. "ಮಿಸ್ತ್ರಿ, ಇವರು ಕಲಿಯೂವಾಗ ನೀನೂ ಅಲ್ಲೇ ಇದ್ದಿ ಅಲ್ಲ? ಅದೇ ವರ್ಕಶಾಪಿನಾಗ?"

ಹದಿನೈದು ದಿನ ನಾನು ನನ್ನ ಹೆಸರು, ನನ್ನ ಹೆಸರು ಎಂದು ಎದೆ ತಟ್ಟಿಕೊಂಡಿದ್ದೆ. ಈಗ ಒಂದೇ ಮಾತು ಸಾಕಿತ್ತು. ಆ ತಪ್ಪಿನ ಅರ್ಧ ನನ್ನದು ಎನ್ನುವ ಒಂದು ಮಾತು. ಕಾಕಾ ನನ್ನನ್ನೇ ನೋಡುತ್ತಿದ್ದ, ಆರು ದಿನ ಜೊತೆಗೆ ಮರಳು ತುಳಿದ ಮೇಲೆ ಮೊದಲ ಸಲ ಕುಚೋದ್ಯವಿಲ್ಲದ ಕಣ್ಣಿನಿಂದ. ಆ ನೋಟ ನನಗೆ ಬೇಕಾಗಿತ್ತು.

"ಇದ್ದೆರಿ" ಅಂದೆ. "ಆದರ ನಾ ಬಡಿಗ. ಕ್ಲಾಸಿನ ವಿಷಯ ನನಗೇನ ಗೊತ್ತು?"

ಮಾಲಕರು ತಲೆ ಆಡಿಸಿ ಪಗಡಿ ಹಾಕಿಕೊಂಡು ಎದ್ದರು. ಕಾಕಾ ನನ್ನ ಬೆನ್ನ ಮೇಲೆ ಕೈ ಇಟ್ಟು "ಭಲೇ ಮಿಸ್ತ್ರಿ" ಅಂದ. ಮುಂದೆ ಬಿ.ಇ. ಎಂಬ ಎರಡಕ್ಷರ ಅವನ ಬಾಯಿಂದ ಎಂದೂ ಬರಲಿಲ್ಲ.

ಕೆಲಸ ಬಿಡುವ ಹೊತ್ತಿಗೆ ಸಾಹೇಬರು ನನ್ನ ಬೆಂಚಿನ ಕಡೆ ಬಂದರು. ನಾನು ಉಳಿ ಮಸೆಯುವ ನೆವದಲ್ಲಿ ತಲೆ ಎತ್ತಲಿಲ್ಲ.

"ನಿಮ್ಮ ಡಿಗ್ರಿಗೆ ಧಕ್ಕಿ ಬರತಿತ್ತು ಸಾಹೇಬ್ರ. ಅದಕ್ಕ ನಾ ಸುಮ್ಮನಿದ್ದೆ" ಅಂದೆ, ಅವರೇನೂ ಕೇಳದಿದ್ದರೂ.

"ಹಂಗ ಅಂತ ನಾನೂ ನಂಬತೇನಿ, ಬಿಡು" ಅಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಎರಡು ತಿಂಗಳಲ್ಲಿ ಅವರು ಕೆಲಸ ಬಿಟ್ಟು ಬೇರೆ ಊರಿಗೆ ಹೋದರು. ಯಾರೂ ಹೋಗು ಅನ್ನಲಿಲ್ಲ. ಆದರೆ ಅವರು ಯಾವುದಾದರೂ ಅಳತೆ ಹೇಳಿದರೆ ಮರಳಿನ ಕಡೆಯಿಂದ ಯಾರಾದರೂ ಕೆಮ್ಮುತ್ತಿದ್ದರು, ಅಷ್ಟೇ. ಹೋಗುವ ದಿನ ಎಲ್ಲರಿಗೂ ಕೈ ಮುಗಿದ ಹಾಗೆ ನನಗೂ ಮುಗಿದರು.

ಅವರ ಜಾಗಕ್ಕೆ ಬಂದವರು ಅವರ ಕ್ಲಾಸಿನವರೇ, ಪುಣೆಯವರು. ಮೊದಲ ದಿನವೇ ನನ್ನ ಬೆಂಚಿಗೆ ಬಂದು, ರಂದದ ಹೊಟ್ಟನ್ನು ಬೆರಳಲ್ಲಿ ಸುತ್ತುತ್ತ, ಮರಾಠಿಯಲ್ಲಿ ಅಂದರು: "ನಿಮ್ಮ ಮಾತು ಕೇಳಿ ನಡೆ ಅಂತ ನನ್ನ ಗೆಳೆಯ ಹೇಳಿ ಹೋಗಿದ್ದಾನೆ. ಅಂಥ ಮಿಸ್ತ್ರಿ ಸಿಗೂದಿಲ್ಲ, ಅವರನ್ನು ಬಿಡಬೇಡ ಅಂದ. ನಿಮ್ಮ ವಿಷಯ ಎಲ್ಲಾ ಹೇಳಿದ್ದಾನೆ."

ಆ ಮಾತಿನ ಬಲದ ಮೇಲೆ ನಾನು ಆ ಕಾರಖಾನೆಯಲ್ಲಿ ಇನ್ನೂ ಹನ್ನೆರಡು ವರ್ಷ ಇದ್ದೆ. ಎಲ್ಲಾ ಎಂದರೆ ಏನೇನು ಹೇಳಿದ್ದಾರೆ ಎಂದು ಒಂದು ದಿನವೂ ಕೇಳಲಿಲ್ಲ.